ಶಂಖುಹುಳು ಮಲಗುವ ಮೊದಲು

ಮುಂಬಯಿಯಿಂದ ನೈಋತ್ಯ ಮಳೆಗಾಲ ಹಿಂದೆ ಸರಿಯುವ ದಿನ ಸೆಪ್ಟೆಂಬರ್ 29 ಎಂದು ಹವಾಮಾನ ಇಲಾಖೆ ಬಹುಕಾಲ ಲೆಕ್ಕ ಇಟ್ಟುಕೊಂಡಿತ್ತು. 2020ರಲ್ಲಿ ಅದನ್ನು ಅಕ್ಟೋಬರ್ 8ಕ್ಕೆ ಬದಲಾಯಿಸಿತು. ಬಾಂದ್ರಾದಲ್ಲಿ ಕೈತೋಟ ಇಟ್ಟುಕೊಂಡವರಿಗೆ ಈ ಬದಲಾವಣೆ ಕೈಗೇ ತಿಳಿಯುತ್ತದೆ. ಮೌಂಟ್ ಮೇರಿ ಜಾತ್ರೆ ಮುಗಿದು ನವರಾತ್ರಿ ಬಂದರೂ ಮಣ್ಣು ಇನ್ನೂ ಒದ್ದೆ. ಮೂರೂವರೆ ತಿಂಗಳ ಮಳೆಗೆ ಸಾರ ಕಳೆದುಕೊಂಡ ಕುಂಡಗಳಿಗೆ ಹೊಸ ಗೊಬ್ಬರ ಕೊಟ್ಟು ಮೆಂತೆ, ಕೊತ್ತಂಬರಿ, ಪಾಲಕ್ ಬಿತ್ತುವುದು, ಟೊಮೆಟೊ, ಬದನೆ, ಚೆಂಡುಹೂವಿನ ಸಸಿ ನೆಡುವುದು ಈ ಹೊತ್ತಿನ ಕೆಲಸ. ನೆಟ್ಟ ಮರುದಿನವೇ ಸಸಿಗಳ ಜಾಗದಲ್ಲಿ ಬರೀ ಮೋಟು ಕಡ್ಡಿಗಳು ಉಳಿದಿದ್ದು, ಕುಂಡದ ಅಂಚಿನಲ್ಲಿ ಒಣಗಿದ ಲೋಳೆಯ ಗೆರೆ ಮಿನುಗುತ್ತಿದ್ದರೆ ರಾತ್ರಿ ಬಂದು ಹೋದವರಾರು ಎಂದು ಕೇಳಬೇಕಾಗಿಲ್ಲ. ಅದು ಆಫ್ರಿಕದ ದೈತ್ಯ ಬಸವನಹುಳು. ಕೊಡಗಿನ ಶನಿವಾರಸಂತೆಯ ಕಾಫಿ ಬೆಳೆಗಾರರು ಶಂಖುಹುಳು ಎಂದು ಕರೆದು ಹೈರಾಣಾಗಿರುವುದೂ ಇದರಿಂದಲೇ. ವಿಜ್ಞಾನದ ಹೆಸರು ಲಿಸ್ಸಾಕಟೀನಾ ಫುಲಿಕಾ.

ಹುಳು ಎನ್ನುತ್ತೇವಾದರೂ ಇದು ಕೀಟವಲ್ಲ, ಮೃದ್ವಂಗಿ. ನಮ್ಮ ಕರಾವಳಿಯವರು ಸುಕ್ಕ ಮಾಡುವ ಮರುವಾಯಿ, ಮೀನು ಮಾರುಕಟ್ಟೆಯ ಬೊಂಡಾಸ್ ಇದರ ದೂರದ ನೆಂಟರು. ಹಾಗಾಗಿ ಕೀಟಗಳಿಗೆಂದು ತಯಾರಾದ ಸಾಮಾನ್ಯ ಔಷಧಿ ಇದರ ಮೇಲೆ ಕೆಲಸ ಮಾಡುವುದಿಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕ ಡಬ್ಬಿ ಸಿಂಪಡಿಸಿದರೆ ಸಾಯುವುದು ಜೇನುನೊಣ, ಶಂಖುಹುಳುವಲ್ಲ.

ಇದರ ತವರು ಪೂರ್ವ ಆಫ್ರಿಕದ ಕರಾವಳಿ. ಮಡಗಾಸ್ಕರ್, ಮಾರಿಷಸ್ ದಾಟಿ 1847ರಲ್ಲಿ ಕಲ್ಕತ್ತೆಗೆ ಬಂತು. ತಂದವರು ಡಬ್ಲ್ಯು.ಎಚ್. ಬೆನ್ಸನ್, ಬಸವನಹುಳುಗಳನ್ನೇ ಅಭ್ಯಾಸ ಮಾಡುತ್ತಿದ್ದ ವಿದ್ವಾಂಸ. ಮಾರಿಷಸ್‌ನಿಂದ ತಂದ ಹುಳುಗಳನ್ನು ಅವರು ಚೌರಂಗಿಯ ಒಂದು ತೋಟದಲ್ಲಿ ಬಿಟ್ಟರು. ಮುಂದಿನದೆಲ್ಲ ಮನುಷ್ಯರ ಸಾಗಾಣಿಕೆಯ ಕತೆ. ತಾನಾಗಿ ತೆವಳಿಕೊಂಡು ಇದು ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಬಹುದು, ಕಲ್ಕತ್ತೆಯಿಂದ ಮುಂಬಯಿಗೆ ಬರಲಾರದು. ಗಿಡದ ಕುಂಡ, ಕೆಮ್ಮಣ್ಣಿನ ಚೀಲ, ಗೊಬ್ಬರದ ಲಾರಿ ಇದನ್ನು ಹೊತ್ತು ತಿರುಗುತ್ತವೆ. ಪಾಲಿ ಹಿಲ್‌ನ ಹೊಸ ಸೊಸೈಟಿಯ ತೋಟಕ್ಕೂ ರಾಣ್ವಾರ್ ಗಾವಠಾಣದ ಹಳೆಯ ಬಂಗಲೆಯ ಹಿತ್ತಲಿಗೂ ಮಣ್ಣು ಹೊರಗಿನಿಂದಲೇ ಬರಬೇಕು. ಮಣ್ಣಿನೊಳಗೆ ಮೊಟ್ಟೆ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊಟ್ಟೆಯ ಲೆಕ್ಕವೇ ಇದರ ನಿಜವಾದ ಬಲ. ಪ್ರತಿಯೊಂದು ಹುಳುವಿನಲ್ಲೂ ಗಂಡಿನ ಅಂಗವೂ ಹೆಣ್ಣಿನ ಅಂಗವೂ ಇರುತ್ತವೆ. ಎರಡು ಕೂಡಿದರೆ ಎರಡೂ ಮೊಟ್ಟೆ ಇಡಬಲ್ಲವು. ಪಡೆದ ವೀರ್ಯವನ್ನು ಒಂದು ವರ್ಷಕ್ಕೂ ಮಿಕ್ಕಿ ಮೈಯೊಳಗೆ ಕಾಪಿಟ್ಟುಕೊಂಡು, ಮತ್ತೆ ಜೊತೆ ಸಿಗದಿದ್ದರೂ ಮೊಟ್ಟೆ ಇಡುತ್ತಲೇ ಇರುತ್ತವೆ. ಒಂದು ಸಲಕ್ಕೆ ಸುಮಾರು 200, ಕೆಲವೊಮ್ಮೆ 400ರವರೆಗೆ, ವರ್ಷಕ್ಕೆ ಹಲವು ಸಲ. ಒಂದೊಂದು ಮೊಟ್ಟೆ 4–5 ಮಿಲಿಮೀಟರ್, ಕೆನೆಬಣ್ಣ. ಮಣ್ಣಿನ ಮೇಲ್ಪದರದಲ್ಲಿ, ಕುಂಡದ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಎರಡು ವಾರದೊಳಗೆ ಒಡೆದು, ಸುಮಾರು ಆರು ತಿಂಗಳಲ್ಲಿ ಮರಿಯೂ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ ನಡೆದದ್ದನ್ನು ನೋಡಬಹುದು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮಯಾಮಿಗೆ ಮೂರು ಹುಳು ತಂದ, ಅವನ ಅಜ್ಜಿ ಅವನ್ನು ತೋಟದಲ್ಲಿ ಬಿಟ್ಟರು. ಏಳು ವರ್ಷಗಳಲ್ಲಿ ಅಲ್ಲಿ 18,000ಕ್ಕೂ ಹೆಚ್ಚು ಹುಳುಗಳು ಸಿಕ್ಕವು. ನಿರ್ಮೂಲ ಮಾಡಲು ಹತ್ತು ಲಕ್ಷ ಡಾಲರ್ ಖರ್ಚಾಯಿತು. 2011ರಲ್ಲಿ ಮತ್ತೆ ಕಾಣಿಸಿಕೊಂಡಾಗ ವಾಸನೆ ಹಿಡಿಯುವ ನಾಯಿಗಳನ್ನು ತರಬೇತಿ ಕೊಟ್ಟು ಇಳಿಸಿದರು, 1,68,000ಕ್ಕೂ ಹೆಚ್ಚು ಹುಳು ಆರಿಸಿದರು. ಹತ್ತು ವರ್ಷ ದುಡಿದು 2021ರಲ್ಲಿ ಮುಗಿಯಿತೆಂದು ಘೋಷಿಸಿದರು. ಮರುವರ್ಷವೇ ಅದೇ ರಾಜ್ಯದ ಇನ್ನೊಂದು ಜಿಲ್ಲೆಯಲ್ಲಿ ಹುಳು ಸಿಕ್ಕಿತು.

ಇದು ತಿನ್ನುವ ಬಗೆಯೂ ತಿಳಿಯತಕ್ಕದ್ದು. ಬಾಯಿಯೊಳಗೆ ನಾಲಗೆಯಂಥ ಒಂದು ಪಟ್ಟಿ. ಅದರ ಮೇಲೆ ಸಾಲುಸಾಲಾಗಿ ಸಾವಿರಾರು ಸೂಕ್ಷ್ಮ ಹಲ್ಲುಗಳು. ಎಲೆಯನ್ನು ಇದು ಕಚ್ಚುವುದಿಲ್ಲ, ತುರಿಮಣೆಯಂತೆ ಹೆರೆಯುತ್ತದೆ. ಮುಂದಿನ ಹಲ್ಲು ಸವೆದಂತೆ ಹಿಂದಿನಿಂದ ಹೊಸ ಸಾಲು ಮುಂದೆ ಸರಿಯುತ್ತದೆ. ಪಪ್ಪಾಯಿ, ಸೌತೆ, ಬದನೆ, ಹುರುಳಿಕಾಯಿ, ಚೆಂಡುಹೂ ಸೇರಿ 500ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತಿನ್ನುವುದು ದಾಖಲಾಗಿದೆ. ಗಿಡವಷ್ಟೇ ಅಲ್ಲ, ಗೋಡೆಯನ್ನೂ ಹೆರೆಯುತ್ತದೆ. ಚಿಪ್ಪು ಬೆಳೆಯಲು ಸುಣ್ಣ ಬೇಕು. ಮೈಯ ಅಂಚಿನ ಪೊರೆಯೊಂದು ಸುಣ್ಣವನ್ನು ಒಸರಿಸಿ ಚಿಪ್ಪಿನ ಬಾಯಿಗೆ ಸುತ್ತು ಸುತ್ತಾಗಿ ಸೇರಿಸುತ್ತ ಹೋಗುತ್ತದೆ. ಹೀಗಾಗಿ ಸುಣ್ಣ ಬಳಿದ ಗೋಡೆ, ಹಳೆಯ ಗಿಲಾವು, ಸಿಮೆಂಟು ಎಲ್ಲಕ್ಕೂ ಇದು ಬಾಯಿ ಹಾಕುತ್ತದೆ. ಮಳೆಗಾಲದ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಹತ್ತಾರು ಹುಳು ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಅಕ್ಟೋಬರನ್ನೇ ನಾನು ಏಕೆ ಒತ್ತಿ ಹೇಳುತ್ತಿದ್ದೇನೆಂದರೆ, ಈ ಪ್ರಾಣಿಗೆ ಒಣಹವೆಯೇ ಶತ್ರು. ಲೋಳೆಯಿಲ್ಲದೆ ಅದು ನಡೆಯಲಾರದು, ಲೋಳೆಗೆ ನೀರು ಬೇಕು. ಮಳೆ ನಿಂತು ಬಿಸಿಲು ಏರಿದಂತೆ ಅದು ಎಲೆರಾಶಿಯ ಅಡಿಗೆ, ಕಲ್ಲಿನ ಸಂದಿಗೆ, ಸಡಿಲ ಮಣ್ಣಿನೊಳಕ್ಕೆ ಸರಿದು ಚಿಪ್ಪಿನೊಳಗೆ ಹುದುಗುತ್ತದೆ. ಚಿಪ್ಪಿನ ಬಾಯಿಗೆ ಲೋಳೆ ಮತ್ತು ಸುಣ್ಣದ ಬಿಳಿ ಪರದೆ ಕಟ್ಟುತ್ತದೆ. ಗುಂಡಿಗೆಯ ಬಡಿತ ನಿಧಾನವಾಗುತ್ತದೆ, ಉಸಿರಾಟ ತೀರಾ ಕಡಿಮೆಯಾಗುತ್ತದೆ. ಗ್ರೀಷ್ಮನಿದ್ರೆ ಎನ್ನುವುದು ಇದನ್ನೇ. ಹೀಗೆ ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕಿ, ಜೂನ್‌ನ ಮೊದಲ ಮಳೆಗೆ ಪರದೆ ಒಡೆದು ಹೊರಬರುತ್ತದೆ. ಒಮ್ಮೆ ಮಲಗಿತೆಂದರೆ ಹುಡುಕುವುದು ಬಲು ಕಷ್ಟ. ಮಳೆಗಾಲದ ನಡುವೆ ಎಷ್ಟು ಆರಿಸಿದರೂ ಮುಗಿಯುವುದಿಲ್ಲ. ಈ ಎರಡರ ನಡುವಿನ ಕೆಲವು ವಾರಗಳಲ್ಲಿ ಅದು ಬೆಳೆದು ದಪ್ಪವಾಗಿರುತ್ತದೆ, ಒದ್ದೆ ಉಳಿದ ಕೆಲವೇ ಮೂಲೆಗಳಲ್ಲಿ ಗುಂಪುಗೂಡಿರುತ್ತದೆ. ಈಗ ತೆಗೆದ ಒಂದು ದೊಡ್ಡ ಹುಳು ಬರುವ ಜೂನ್‌ನ ನೂರಾರು ಮೊಟ್ಟೆಗಳಿಗೆ ಸಮ.

ಒಂದು ತೊಡಕಿದೆ. ಕಾಡಿನಲ್ಲಿ ನೆಲ ಒಣಗುತ್ತದೆ, ನಮ್ಮ ಕುಂಡಗಳು ಒಣಗುವುದಿಲ್ಲ. ಸಂಜೆ ನೀರು ಹನಿಸುವ ತೋಟದಲ್ಲಿ ರಾತ್ರಿಯಿಡೀ ತೇವ ಇರುವುದರಿಂದ ಕೆಲವು ಹುಳುಗಳು ಚಳಿಗಾಲವಿಡೀ ಎಚ್ಚರವಾಗಿದ್ದು ಮೇಯುತ್ತವೆ. ಮಳೆ ನಿಂತ ಕೂಡಲೇ ನೀರುಣಿಸುವುದನ್ನು ಬೆಳಿಗ್ಗೆಗೆ ಬದಲಾಯಿಸಿದರೆ ಕತ್ತಲಾಗುವಷ್ಟರಲ್ಲಿ ಮಣ್ಣಿನ ಮೇಲ್ಮೈ ಆರಿರುತ್ತದೆ. ಖರ್ಚಿಲ್ಲದ ಈ ಉಪಾಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಆರಿಸುವುದು ಹೀಗೆ: ಸಂಜೆ ಒಂದು ಹಳೆಯ ಗೋಣಿಚೀಲವನ್ನು ನೆನೆಸಿ ನೆಲದ ಮೇಲೆ ಹಾಸಿ, ಅದರಡಿ ಪಪ್ಪಾಯಿ ಎಲೆಯನ್ನೋ ಕೋಸಿನ ಹೊರ ಎಲೆಗಳನ್ನೋ ಇಡಿ. ಬೆಳಿಗ್ಗೆ ಹುಳುಗಳು ಅಲ್ಲಿ ಕೂಡಿರುತ್ತವೆ. ಬಕೆಟ್ಟಿನಲ್ಲಿ ಗಟ್ಟಿ ಉಪ್ಪುನೀರು ಮಾಡಿ ಹಾಕಿ, ಸತ್ತ ಮೇಲೆ ಗುಂಡಿ ತೋಡಿ ಹೂಳಿ. ಉಪ್ಪನ್ನು ಮಣ್ಣಿನ ಮೇಲೆ ಮಾತ್ರ ಚೆಲ್ಲಬೇಡಿ, ಗಿಡವೂ ಕೆಡುತ್ತದೆ. ಕುಂಡಗಳನ್ನು ಒಂದೊಂದಾಗಿ ಎತ್ತಿ ಅಡಿ ನೋಡಿ, ಮೊಟ್ಟೆ ಕಂಡರೆ ಜಜ್ಜಿಹಾಕಿ. ಬಿದ್ದ ಎಲೆಗಳನ್ನು ಗುಡಿಸಿ ಎಸೆಯುವುದು ಬೇಡ. ಅದು ಒಳ್ಳೆಯ ಗೊಬ್ಬರ. ಸಸಿಮಡಿಯಿಂದ ದೂರ ಒಂದೇ ಕಡೆ ರಾಶಿ ಮಾಡಿದರೆ ಹುಳುಗಳೂ ಅಲ್ಲೇ ಸೇರಿ ಹುಡುಕುವುದು ಸುಲಭ. ಕೇರಳ, ಕೊಡಗಿನ ತೋಟಗಳಲ್ಲಿ ಹೊಗೆಸೊಪ್ಪಿನ ಕಷಾಯ, ಮೈಲುತುತ್ತದ ದ್ರಾವಣ ಬಳಸುವವರಿದ್ದಾರೆ. ತಿನ್ನುವ ಸೊಪ್ಪು ಬೆಳೆಯುವ ಕುಂಡಕ್ಕೆ ಅದು ತಕ್ಕದ್ದಲ್ಲ. ಮೆಟಾಲ್ಡಿಹೈಡ್ ಗುಳಿಗೆಗಳನ್ನಂತೂ ದಯವಿಟ್ಟು ಹಾಕಬೇಡಿ. ಅದರ ರುಚಿಗೆ ನಾಯಿಗಳು ಬಾಯಿ ಹಾಕಿ, ಸೆಳವು ಬಂದು ಸಾಯುತ್ತವೆ. ಬಾಂದ್ರಾದ ಗಲ್ಲಿಗಳಲ್ಲಿ ಎಷ್ಟು ನಾಯಿ, ಎಷ್ಟು ಬೆಕ್ಕು ಮನೆಯವರಂತೆ ಬದುಕಿವೆ ಎಂದು ನಿಮಗೇ ಗೊತ್ತು.

ಬೇರೆ ಪ್ರಾಣಿಯನ್ನು ತಂದು ಇದನ್ನು ತಿನ್ನಿಸುವ ಪ್ರಯೋಗವೂ ನಡೆದಿದೆ. 1955ರಲ್ಲಿ ಹವಾಯಿಗೆ, 1970ರ ದಶಕದಲ್ಲಿ ಫ್ರೆಂಚ್ ಪಾಲಿನೇಷ್ಯಾಕ್ಕೆ ಯೂಗ್ಲಾಂಡೀನಾ ಎಂಬ ಮಾಂಸಾಹಾರಿ ಬಸವನಹುಳುವನ್ನು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಆ ದ್ವೀಪಗಳದೇ ಆದ ಪುಟ್ಟ ಬಸವನಹುಳುಗಳನ್ನು ತಿಂದು, ಹಲವು ಜಾತಿಗಳನ್ನು ಭೂಮಿಯಿಂದಲೇ ಅಳಿಸಿತು. ನಮ್ಮಲ್ಲಿ ಇರುವ ಬೇಟೆಗಾರರನ್ನು ಉಳಿಸಿಕೊಂಡರೆ ಸಾಕು. ಕೆಂಬೂತ ಈ ಹುಳುವನ್ನು ತಿನ್ನುತ್ತದೆ. ಮರಾಠಿಯ ನೆರೆಯವರು ಭಾರದ್ವಾಜ ಎನ್ನುವ ಆ ಹಕ್ಕಿಗೆ ದಟ್ಟ ಪೊದೆ ಬೇಕು. ಹಿತ್ತಲಿನ ಒಂದು ಮೂಲೆಯನ್ನು ಅದಕ್ಕೆಂದು ಕತ್ತರಿಸದೆ ಬಿಡಿ. ಹಾಗೆಯೇ ಕಂಡ ಬಸವನಹುಳುವನ್ನೆಲ್ಲ ಕೊಲ್ಲಬೇಡಿ. ಪಶ್ಚಿಮ ಘಟ್ಟಗಳಲ್ಲಷ್ಟೇ ಇರುವ ಕೆಂಪು ಮೈಯ ಇಂಡ್ರೆಲ್ಲಾದಂಥ ನಮ್ಮವೇ ಆದ ಜಾತಿಗಳು ಎಷ್ಟೋ ಇವೆ. ಪರದೇಶಿಯ ಗುರುತು ಕಷ್ಟವಲ್ಲ: ಮೊನಚು ತುದಿಯ ಉದ್ದ ಚಿಪ್ಪು, ಅದರ ಮೇಲೆ ಕಂದು ಪಟ್ಟೆ, ಬೆಳೆದದ್ದಾದರೆ ಬೆರಳುದ್ದಕ್ಕಿಂತ ದೊಡ್ಡದು.

ಕೊನೆಯದಾಗಿ ಆರೋಗ್ಯದ ಮಾತು. 1935ರಲ್ಲಿ ಚೀನಾದ ಕ್ಯಾಂಟನ್‌ನಲ್ಲಿ ಇಲಿಗಳ ಶ್ವಾಸಕೋಶದಲ್ಲಿ ಒಂದು ಸಣ್ಣ ಜಂತು ಪತ್ತೆಯಾಯಿತು. ಅದರ ಮರಿಗಳು ಇಲಿಯ ಹಿಕ್ಕೆಯಿಂದ ಬಸವನಹುಳುವಿಗೆ, ಅಲ್ಲಿಂದ ತೊಳೆಯದ ಹಸಿ ಸೊಪ್ಪಿನ ಮೂಲಕ ಮನುಷ್ಯರಿಗೆ ದಾಟಬಲ್ಲವು. ಮೆದುಳಿನ ಪೊರೆಗೆ ಉರಿಯೂತ ತರುತ್ತವೆ. ಇಲಿಗಳಿರುವ ನಗರದಲ್ಲಿ ಇದನ್ನು ಹಗುರವಾಗಿ ಕಾಣಬಾರದು. ತೋಟದ ಸೊಪ್ಪನ್ನು ಎಲೆ ಬಿಡಿಸಿ ತೊಳೆಯಿರಿ, ಮಕ್ಕಳು ಹುಳುವನ್ನು ಕೈಯಲ್ಲಿ ಹಿಡಿದು ಆಡದಂತೆ ನೋಡಿಕೊಳ್ಳಿ. ಸೊಸೈಟಿಯಲ್ಲಿ ಬರಿಗೈಯಲ್ಲಿ ಹುಳು ಆರಿಸುವವನು ಸಾಮಾನ್ಯವಾಗಿ ಮಾಲಿ. ಅವನಿಗೆ ಈ ವಾರವೇ ಒಂದು ಜೊತೆ ರಬ್ಬರ್ ಕೈಗವಸು ಕೊಡಿಸಿ, ಪಕ್ಕದ ಬಿಲ್ಡಿಂಗಿನವರಿಗೂ ಹೇಳಿ. ಒಂದೇ ಕಾಂಪೌಂಡ್ ಸ್ವಚ್ಛವಾದರೆ ಮುಂದಿನ ಮಳೆಗೆ ಹುಳು ಗೋಡೆ ಹತ್ತಿ ಬರುತ್ತದೆ.