ತಟ್ಟೆಯೊಳಗಿನ ಆಲದ ಗಿಡ

ನಮ್ಮ ಹಾವೇರಿ ಸೀಮೆಯ ಆಡುಮಾತಿನಲ್ಲಿ ಮರವೂ ಗಿಡವೇ. ಮಾಳಿಗೆಯನ್ನು ಮೀರಿ ಬೆಳೆದ ಬೇವು ‘ಬೇವಿನ ಗಿಡ’. ಊರಿಗೆ ಊರೇ ನೆರಳಿಗೆ ಕೂರುವ ಆಲ ‘ಆಲದ ಗಿಡ’. ಮೈಸೂರು ಕಡೆಯ ಸ್ನೇಹಿತರು ಇದನ್ನು ಕೇಳಿ ನಗುವುದುಂಟು. ಆದರೆ ಕಾಂಡ ಬಲಿತು, ಬಿಳಲು ಬಿಟ್ಟು, ಎರಡು ಗೇಣಿನ ಎತ್ತರಕ್ಕೇ ನಿಂತಿರುವ ಆಲವೊಂದನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಬಂದಾಗ ನಮ್ಮ ಮಾತೇ ಅನುಕೂಲವೆನಿಸುತ್ತದೆ. ಜಪಾನೀಯರು ಅದನ್ನು ಬೋನ್ಸಾಯ್ ಎನ್ನುತ್ತಾರೆ. ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ಹೆಸರಿನಲ್ಲಿ ತಟ್ಟೆಯಿದೆ, ನೆಡುವ ಕೈಯಿದೆ. ಮನೆಯೊಳಗೆ ಎಂಬ ಮಾತು ಮಾತ್ರ ಇಲ್ಲ. ಇದು ನನ್ನ ಗಮನಕ್ಕೆ ಬರುವ ಹೊತ್ತಿಗೆ ನಮ್ಮ ಮನೆಯ ಗಿಡದ ಅರ್ಧ ಪ್ರಾಣ ಹೋಗಿತ್ತು.

ಗಿಡ ನನ್ನದಲ್ಲ, ನನ್ನ ಪತ್ನಿಯದು. ಇಪ್ಪತ್ತೆರಡು ವರ್ಷಗಳ ಹಿಂದೆ ಬ್ಯಾಡಗಿಯ ತವರುಮನೆಯಲ್ಲಿ ಹಿತ್ತಿಲ ಗೋಡೆಯನ್ನು ಕೆಡವುವಾಗ, ಕಲ್ಲಿನ ಸಂದಿಯಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ್ದ ಸಸಿಯನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಮೆಣಸಿನಕಾಯಿ ಪೇಟೆಯ ಘಾಟಿಗೆ ಸೀನುತ್ತ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆ ತವರುಮನೆ ಈಗ ಇಲ್ಲ. ಎರಡು ವರ್ಷಗಳ ಹಿಂದೆ ಅವಳೂ ಹೋದಳು. ಅಂಗಳದ ಕಟ್ಟೆಯ ಮೇಲೆ ಬಿಸಿಲು ಮಳೆಗಳಲ್ಲಿ ಬೆಳೆದಿದ್ದ ಗಿಡವನ್ನು ನಾನು ಪಡಸಾಲೆಗೆ ತಂದು ಅವಳ ಭಾವಚಿತ್ರದ ಕೆಳಗೆ ಇರಿಸಿದೆ. ಹೊರಗೆ ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ.

ತಿಂಗಳೊಳಗೆ ಎಲೆಗಳು ಹಳದಿಯಾಗಿ ಉದುರತೊಡಗಿದವು. ನಾನು ದಿನಕ್ಕೆ ಎರಡು ಹೊತ್ತು ನೀರೆರೆದೆ. ಮತ್ತಷ್ಟು ಉದುರಿದವು. ಮಣ್ಣಿನಲ್ಲಿ ಸತ್ವವಿಲ್ಲವೆಂದು ಭಾವಿಸಿ, ನಮ್ಮ ಹೊಲದ ಎರೆಮಣ್ಣನ್ನು ತರಿಸಿ ತಟ್ಟೆಯ ತುಂಬ ಒತ್ತಿದೆ. ಮೇಲೆ ಒಂದು ಹಿಡಿ ಗೊಬ್ಬರ. ಎರಡನೆಯ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವೇ ಇದೆಯೆಂದು ವರ್ಷ ವರ್ಷವೂ ತರಗತಿಯಲ್ಲಿ ಹೇಳಿದವನು ನಾನು. ಆದರೆ ಮಣ್ಣಿನೊಳಗೆ ಬೆರಳಿಟ್ಟು ನೋಡುವ ಬುದ್ಧಿ ಒಂದು ದಿನವೂ ಬರಲಿಲ್ಲ.

ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರಿನಲ್ಲಿ ಸಸಿಮಡಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಯಾವುದೋ ಕೆಲಸಕ್ಕೆ ಬಂದವರು ಪಡಸಾಲೆಯಲ್ಲಿಯೇ ನಿಂತುಬಿಟ್ಟರು. ಉಗುರಿನಿಂದ ಕಾಂಡದ ಸಿಪ್ಪೆಯನ್ನು ಒಂದಿಷ್ಟು ಕೆರೆದರು. ಒಳಗೆ ಹಸಿರು ಕಂಡಿತು. ಬಳಿಕ ತಟ್ಟೆಯನ್ನು ಎತ್ತಿ ಮೂಸಿ ನೋಡಿ, “ಸರ, ಇದಕ್ಕ ನೀರು ಕಡಿಮಿ ಆಗಿಲ್ರಿ, ಹೆಚ್ಚಾಗೇತಿ. ಬೇರಿಗೆ ಉಸಿರು ಕಟ್ಟೇತಿ. ಜೀವ ಇನ್ನೂ ಐತ್ರಿ, ಮೊದ್ಲ ಹೊರಗ ತರ್ರಿ” ಎಂದರು.

ಬೇರು ನೀರನ್ನು ಕುಡಿಯುವಂತೆಯೇ ಗಾಳಿಯನ್ನೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ತೆರಪು ಸದಾ ನೀರಿನಿಂದ ತುಂಬಿದ್ದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲೆತ್ತಲಾರದು. ಆದ್ದರಿಂದ ನೀರಿನಲ್ಲಿಯೇ ನಿಂತ ಗಿಡ ಬಾಯಾರಿದ ಗಿಡದಂತೆ ಸೊರಗುತ್ತದೆ. ನಾವು ಮತ್ತೆ ನೀರು ಹೊಯ್ಯುತ್ತೇವೆ.

ತಟ್ಟೆ ಆಳವಿಲ್ಲದ್ದಾದರೆ ಅಪಾಯ ಇನ್ನೂ ಹೆಚ್ಚು. ತಟ್ಟೆ ಚಿಕ್ಕದು, ನೀರು ಬೇಗ ಬಸಿದುಹೋಗುತ್ತದೆ ಎಂದು ನಾನು ತಿಳಿದಿದ್ದೆ; ನಿಜಸ್ಥಿತಿ ಇದಕ್ಕೆ ವಿರುದ್ಧ. ನೀರು ತುಂಬಿದ ಸ್ಪಂಜೊಂದನ್ನು ಅಂಗೈಯ ಮೇಲೆ ಅಡ್ಡಲಾಗಿ ಮಲಗಿಸಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಹಿಂಡದೆಯೇ ಮತ್ತಷ್ಟು ನೀರು ಇಳಿಯುತ್ತದೆ. ಪ್ರತಿಯೊಂದು ಮಣ್ಣೂ ತನ್ನ ತಳದಲ್ಲಿ ಇಂತಿಷ್ಟು ಎತ್ತರದ ನೀರನ್ನು ಹಿಡಿದೇ ಇರುತ್ತದೆ. ಆಳವಾದ ಕುಂಡದಲ್ಲಿ ಅದರ ಮೇಲೆ ಬೇರಿಗೆ ಜಾಗವುಂಟು; ಎರಡು ಬೆರಳಿನ ಆಳದ ತಟ್ಟೆಯಲ್ಲಿ ಎಲ್ಲವೂ ತಳವೇ. ನಮ್ಮ ಎರೆಮಣ್ಣಂತೂ ನೀರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಹತ್ತಿಗೂ ಮೆಣಸಿನಕಾಯಿಗೂ ಅದು ವರವಾದದ್ದು ಆ ಗುಣದಿಂದಲೇ. ತಟ್ಟೆಯ ಗಿಡಕ್ಕೆ ಅದೇ ಕುತ್ತಾಯಿತು.

ಇನ್ನು ಬೆಳಕಿನ ಮಾತು. ಬಯಲಿನ ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್‌ನಷ್ಟಿದ್ದರೆ, ಕಿಟಕಿಯಿಂದ ದೂರದ ಗೋಡೆಯ ಬಳಿ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯದು, ಎಲೆಗೆ ತಿಳಿಯುತ್ತದೆ. ಬೆಳಕಿಲ್ಲದ ಗಿಡ ನೀರನ್ನೂ ಕಡಿಮೆ ಬಳಸುತ್ತದೆ. ಹೀಗೆ ನನ್ನ ಎರಡು ತಪ್ಪುಗಳು ಒಂದಕ್ಕೊಂದು ಕೈಜೋಡಿಸಿದ್ದವು. ಆಲ ನಮ್ಮ ಬಯಲಿನ ಜೀವ. ತಟ್ಟೆಯಲ್ಲಿ ನೆಟ್ಟ ಮಾತ್ರಕ್ಕೆ ಅದು ಒಳಮನೆಯ ವಸ್ತುವಾಗುವುದಿಲ್ಲ. 1625ರಿಂದ ಸಾಕಿದ್ದೆಂದು ಹೇಳಲಾಗುವ ಹಿರೋಶಿಮಾದ ಪೈನ್ ಬೋನ್ಸಾಯ್ 1945ರ ಅಣುಬಾಂಬಿನಿಂದ ಪಾರಾದದ್ದು ತೋಟದ ಗೋಡೆಯ ಮರೆಯಲ್ಲಿ. 1976ರಲ್ಲಿ ಜಪಾನ್ ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿತ್ತಿತು. ಅಷ್ಟು ಹಳೆಯ ತಟ್ಟೆಯ ಮರವೂ ಬಾಳಿದ್ದು ಬಯಲಿನ ಗಾಳಿಬೆಳಕಿನಲ್ಲಿ.

ಮಿರಗದ ಮಳೆ ಹಿಡಿದ ವಾರದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಗಿಡವನ್ನು ಕಿತ್ತು, ಎರೆಯನ್ನು ತೊಳೆದು ನೋಡಿದರೆ ಬೇರುಗಳಲ್ಲಿ ಅರ್ಧಕ್ಕೂ ಹೆಚ್ಚು ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರುವಂತಾಗಿದ್ದವು. ಗಟ್ಟಿಯಾದುವನ್ನು ಉಳಿಸಿ ಮಿಕ್ಕವನ್ನು ಶುಭ್ರವಾದ ಕತ್ತರಿಯಿಂದ ತೆಗೆದೆವು. ಜೋಳದ ಕಾಳಿನ ಗಾತ್ರಕ್ಕೆ ಒಡೆದ ಇಟ್ಟಿಗೆ, ದಪ್ಪ ಮರಳು, ಒಂದು ಪಾಲು ಎಲೆಗೊಬ್ಬರ, ಇವುಗಳನ್ನು ಜರಡಿ ಹಿಡಿದು ಹಿಟ್ಟಿನಂಥ ಪುಡಿಯನ್ನು ಎಸೆದು ತುಂಬಿದೆವು. ತಳದ ತೂತಿನಿಂದ ತಂತಿ ಹಾಯಿಸಿ ಗಿಡ ಅಲುಗದಂತೆ ಬಿಗಿದೆವು. ಅಲುಗಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಹೊಸ ಎಲೆ ಬರುವ ತನಕ ಗೊಬ್ಬರ ಬೇಡವೆಂದರು.

ಬಳಿಕ ಅವರು ಕೊಂಬೆಗಳಿಗೆ ಕತ್ತರಿ ಇಟ್ಟಾಗ ನಾನು ಕೈ ಹಿಡಿದೆ. ಉಳಿದಿದ್ದುದೇ ನಾಲ್ಕು ಎಲೆ. ಆಗ ಅವರು ಸವಣೂರಿನ ದೊಡ್ಡಹುಣಸೆ ಮಠದ ಮರವನ್ನು ನೆನಪಿಸಿದರು. ಆಫ್ರಿಕಾ ಮೂಲದ ಆ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಜುಲೈಯಲ್ಲಿ ಮಳೆಗೆ ಬುಡಸಹಿತ ಉರುಳಿತ್ತು. ಅದರ ಕೊಂಬೆಗಳನ್ನು ಕಡಿದು, ಯಂತ್ರಗಳಿಂದ ಎತ್ತಿ ಮತ್ತೆ ನಿಲ್ಲಿಸಿದರು. ಮುಂದೆ ಅದು ಚಿಗುರಿತು. ಬೇರು ಕಡಿಮೆಯಾದಾಗ ಅದು ಹೊರಬೇಕಾದ ಎಲೆಯ ಭಾರವನ್ನೂ ಇಳಿಸಬೇಕೆಂಬ ನಿಯಮ ಆನೆಯಂಥ ಆ ಮರಕ್ಕೂ ಎರಡು ಗೇಣಿನ ಈ ಗಿಡಕ್ಕೂ ಒಂದೇ. ನಾನು ಕೈ ಬಿಟ್ಟೆ.

ನೆರಳಿಗೆ ಒಗ್ಗಿದ ಎಲೆ ಒಮ್ಮೆಗೇ ಬಿಸಿಲು ಕಂಡರೆ ಸುಟ್ಟುಹೋಗುತ್ತದೆ. ಆದ್ದರಿಂದ ಮೊದಲ ಮೂರು ವಾರ ಬೇವಿನ ನೆರಳು, ಆಮೇಲೆ ಬೆಳಗಿನ ಬಿಸಿಲು, ಕೊನೆಗೆ ಅವಳ ಹಳೆಯ ಕಟ್ಟೆ. ನೀರಿಗೆ ಈಗ ಗಡಿಯಾರವಿಲ್ಲ. ಬಿದಿರಿನ ಕಡ್ಡಿಯೊಂದನ್ನು ಮಣ್ಣಿನಲ್ಲಿ ಚುಚ್ಚಿಟ್ಟಿದ್ದೇನೆ. ಕಿತ್ತು ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಆ ದಿನ ಕೈಕಟ್ಟಿ ಕೂರುತ್ತೇನೆ. ಒಣಗಿದ್ದರೆ ತಳದಿಂದ ಹರಿದುಹೋಗುವಷ್ಟು ನೀರೆರೆಯುತ್ತೇನೆ. ಸುಮ್ಮನೆ ಕೂರುವುದೇ ಇದರಲ್ಲಿ ಕಷ್ಟದ ಭಾಗ.

ನಲವತ್ತು ದಿನಗಳ ಮೇಲೆ ಕಾಂಡದಲ್ಲಿ ಕೆಂಪು ಮೊಗ್ಗುಗಳು ಕಂಡವು. ಬಲಗಡೆಯ ಕೊಂಬೆಯೊಂದು ಮಾತ್ರ ಒಣಗಿಹೋಗಿದೆ, ಕೆರೆದರೆ ಹಸಿರಿಲ್ಲ. ಬರುವ ಫಾಲ್ಗುಣದಲ್ಲಿ ಬಂದು ಕತ್ತರಿಸಿ ಕೊಡುವೆನೆಂದು ರಾಣೇಬೆನ್ನೂರಿನ ವಿದ್ಯಾರ್ಥಿ ಹೇಳಿದ್ದಾರೆ. ಭಾವಚಿತ್ರ ಪಡಸಾಲೆಯಲ್ಲಿಯೇ ಇದೆ, ಗಿಡ ಹೊರಗಿದೆ. ಬೆಳಗಿನ ಚಹವನ್ನು ಈಗ ನಾನು ಕಟ್ಟೆಯ ಬಳಿಯೇ ಕುಡಿಯುತ್ತೇನೆ.