ಸ್ಪ್ಯಾನಿಷ್ ಷರತ್ತುರೂಪ ಮತ್ತು ಕನ್ನಡದ ‘ನಾಟಿ ಮಾಡುತ್ತಿದ್ದೆವು’

ಸ್ಪ್ಯಾನಿಷ್ ಭಾಷೆಯ ಷರತ್ತುರೂಪವನ್ನು ಕನ್ನಡದಲ್ಲಿ ವಿವರಿಸುವಾಗ ಅದನ್ನು ‘ಬಂದಾನು, ಬಂದೀತು’ ಎಂಬ ಸಂಭಾವನಾರ್ಥಕ ರೂಪಗಳೊಂದಿಗೆ ಸಮೀಕರಿಸುವುದು ಸುಲಭದ ದಾರಿ. ಆ ಸಮೀಕರಣವು ಷರತ್ತುರೂಪದ ಮುಖ್ಯ ಬಳಕೆಯಲ್ಲಿಯೇ ಸೋಲುತ್ತದೆಂಬುದು ನಮ್ಮ ವಾದ.

ನಿಯತ ಕ್ರಿಯಾಪದಗಳ ರೂಪರಚನೆ ಸರಳ. ಭಾವರೂಪದ ಅಂತ್ಯವನ್ನು ಲೋಪಿಸದೆ ಇಡಿಯ ಭಾವರೂಪಕ್ಕೇ ಪ್ರತ್ಯಯ ಹತ್ತುತ್ತದೆ. ಪ್ಲಾಂತಾರ್ (ನಾಟಿ ಮಾಡು), ಕೊಮೆರ್ (ತಿನ್ನು), ಅಬ್ರಿರ್ (ತೆರೆ) ಎಂಬ ಮೂರು ಗಣಗಳಿಗೂ ಪ್ರತ್ಯಯಗಳು ಒಂದೇ: ಈಯ, ಈಯಸ್, ಈಯ, ಈಯಮೊಸ್, ಈಯೈಸ್, ಈಯನ್. ‘ನಾನು’ ಮತ್ತು ‘ಅವನು’ ಎಂಬ ಕರ್ತೃಗಳ ರೂಪ ಅಭಿನ್ನ, ಸಂದರ್ಭವೇ ಬೇರ್ಪಡಿಸಬೇಕು. ಐತಿಹಾಸಿಕವಾಗಿ ಈ ಪ್ರತ್ಯಯವು ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ಭೂತಕಾಲದ ರೂಪ ಸವೆದು ಉಳಿದದ್ದು.

ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿರುವ ಹರಿಹರ ತಾಲ್ಲೂಕಿನ ಗದ್ದೆಗಳನ್ನು ನೆನೆಯೋಣ. ನೀರು ತಲುಪದ ರೈತನು ‘ನಾಲಿಗೆ ನೀರು ಬಿಟ್ಟಿದ್ರೆ ನಾಟಿ ಮಾಡ್ತಿದ್ವಿ’ ಎಂದಾನು. ಇಲ್ಲಿ ನೀರು ಬಿಡಲಿಲ್ಲ, ನಾಟಿಯೂ ಆಗಲಿಲ್ಲ. ಇದನ್ನೇ ‘ನಾಟಿ ಮಾಡಿಯೇವು’ ಎಂದರೆ ದೂರು ಹೋಗಿ ನಿರೀಕ್ಷೆಯಾಗುತ್ತದೆ. ಸ್ಪ್ಯಾನಿಷ್‌ನ ‘ಪ್ಲಾಂತರೀಯಮೊಸ್’ಗೆ ಇಲ್ಲಿ ಸಂವಾದಿಯಾಗುವುದು ‘-ಉತ್ತಿದ್ದೆವು’. ಅದರ ಒಡಲಲ್ಲಿರುವುದೂ ‘ಇರು’ ಧಾತುವಿನ ಭೂತರೂಪವೇ. ಸಂಬಂಧವಿಲ್ಲದ ಎರಡು ಭಾಷೆಗಳು ಅವಾಸ್ತವವನ್ನು ಹೇಳಲು ಭೂತಕಾಲದ ಸಹಾಯಕವನ್ನೇ ಆಶ್ರಯಿಸಿರುವುದು ಗಮನಾರ್ಹ. ವ್ಯತ್ಯಾಸವೂ ಉಂಟು. ‘ಈಗ ಮಾಡುತ್ತಿದ್ದೆವು’, ‘ಹೋದ ವರ್ಷವೇ ಮಾಡುತ್ತಿದ್ದೆವು’ ಎಂಬೆರಡಕ್ಕೂ ಕನ್ನಡಕ್ಕೆ ಒಂದೇ ರೂಪ ಸಾಕು. ಸ್ಪ್ಯಾನಿಷ್ ಎರಡನೆಯದಕ್ಕೆ ‘ಅಬ್ರೀಯಮೊಸ್ ಪ್ಲಾಂತಾದೊ’ ಎಂಬ ಸಂಯುಕ್ತ ರೂಪವನ್ನು ಬಯಸುತ್ತದೆ. ದಾವಣಗೆರೆಯ ಕಲಿಕೆದಾರರು ಎಡವುವುದಾದರೆ ಇಲ್ಲಿಯೇ ಎಡವಬೇಕೆಂದು ನಮ್ಮ ಊಹೆ.

ಭೂತದಿಂದ ನೋಡಿದ ಭವಿಷ್ಯಕ್ಕೂ ಸ್ಪ್ಯಾನಿಷ್ ಇದೇ ರೂಪವನ್ನು ಬಳಸುತ್ತದೆ: ‘ದಿಹೆರೊನ್ ಕೆ ಅಬ್ರಿರೀಯನ್’. ಕನ್ನಡಕ್ಕೆ ಆ ಅಗತ್ಯವೇ ಬೀಳದು. ‘ತೂಬು ತೆರೆಯುತ್ತೇವೆ ಎಂದರು’ ಎಂದು ‘ಎಂದು’ವಿನ ಬಲದಿಂದ ಆಡಿದವರ ಕ್ರಿಯಾಪದವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ವಿನಯಕ್ಕೆ ನಮ್ಮಲ್ಲಿ ‘ಬಹುದೇ’ ಇದೆ; ವಿಸ್ತರಿಸಬೇಕಿಲ್ಲ.

ಸಂಭಾವನಾರ್ಥಕವು ನಿಜಕ್ಕೂ ಹೊಂದುವ ಒಂದು ಸ್ಥಾನವಿದೆ, ಗತಕಾಲದ ಊಹೆ: ‘ಸೆರೀಯನ್ ಲಾಸ್ ದಿಯೆಸ್’ ಎಂಬುದು ‘ಆಗ ಹತ್ತು ಗಂಟೆಯಾಗಿದ್ದೀತು’. ಆದರೆ ‘ಜೋಕೆ, ಬಿದ್ದೀಯೆ!’ ಎಂದು ಎಚ್ಚರಿಸುವಲ್ಲಿ ಸ್ಪ್ಯಾನಿಷ್ ಷರತ್ತುರೂಪವನ್ನು ಮುಟ್ಟುವುದಿಲ್ಲ; ಅಲ್ಲಿ ಅದಕ್ಕೆ ವರ್ತಮಾನವೇ ಸಾಕು.