ಹಾಡಿನ ಬೆನ್ನಿಗೆ ಹೆಸರೂ ಬರಲಿ

ದಾಸರ ಪದ, ವಚನಗಳ ಹಳೆಯ ಧ್ವನಿಮುದ್ರಿಕೆಗಳು ಈಗ ಮೊಬೈಲ್‌ನಲ್ಲೇ ಸಿಗುತ್ತಿವೆ. ಆದರೆ ಸಾಥ್ ಕೊಟ್ಟವರು ಯಾರು, ಯಾವ ವರ್ಷ, ಯಾವ ಊರು? ಜಾಝ್ ರಸಿಕರು ಬೆಳೆಸಿಕೊಂಡ ಶಿಸ್ತು ರಾಯಚೂರು ಸೀಮೆಯ ಸಂಗೀತಕ್ಕೂ ಬೇಕಾಗಿದೆ.

ಜಾಝ್ ರಸಿಕರ ಮಾತುಕತೆಯಲ್ಲಿ ಒಂದು ಆಲ್ಬಂ ಚೆನ್ನಾಗಿದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ ಮಾತ್ರ. ಯಾವ ದಿನ ರೆಕಾರ್ಡ್ ಆಯಿತು, ಪಿಯಾನೊ ನುಡಿಸಿದವರು ಯಾರು, ಈಗಿನ ಮರುಬಿಡುಗಡೆ ಮೂಲ ಟೇಪಿನಿಂದ ಬಂದದ್ದೋ ನಕಲಿನಿಂದ ಬಂದದ್ದೋ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಹೊರಗಿನವರಿಗೆ ಇದು ಬರೀ ಗೀಳು ಎನಿಸಬಹುದು. ಆದರೆ ಜಾಝ್‌ನಲ್ಲಿ ಹಾಡು ಒಂದು ನೆಪ, ಆ ಹೊತ್ತಿಗೆ ಅದನ್ನು ಬೆಳೆಸಿದವರ ಮನೋಧರ್ಮವೇ ನಿಜವಾದ ಸಂಗೀತ. 1930ರಲ್ಲಿ ಜಾನಿ ಗ್ರೀನ್ ಸ್ವರ ಹಾಕಿದ ‘ಬಾಡಿ ಆ್ಯಂಡ್ ಸೋಲ್’ ಹಾಡನ್ನು ಎಷ್ಟೋ ಮಂದಿ ನುಡಿಸಿದ್ದಾರೆ. ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ನುಡಿಸಿದ್ದು ಮಾತ್ರ ಮುಂದಿನ ಪೀಳಿಗೆಯ ಸ್ಯಾಕ್ಸೊಫೋನ್ ವಾದಕರಿಗೆ ಪಾಠವಾಯಿತು. ಹೀಗಿರುವಾಗ ಹಾಡಿನ ಹೆಸರಷ್ಟೇ ಹೇಳಿದರೆ ಸಾಲದು, ಯಾರದು, ಯಾವಾಗಿನದು ಎಂದೂ ಹೇಳಬೇಕು. ಅದಕ್ಕಾಗಿಯೇ ಪ್ಯಾರಿಸ್‌ನ ಶಾರ್ಲ್ ಡೆಲೋನೆ 1936ರಷ್ಟು ಹಿಂದೆಯೇ ಜಾಝ್ ರೆಕಾರ್ಡ್‌ಗಳ ವಿವರವಾದ ಪಟ್ಟಿಯನ್ನು ಪುಸ್ತಕವಾಗಿ ತಂದರು. ದಾಸರ ಪದ ಮತ್ತು ವಚನ ಗಾಯನದ ಸ್ವಭಾವವೂ ಇದೇ: ಸಾಹಿತ್ಯ ಒಂದೇ, ಹಾಡಿಕೆ ಹಲವು. ಹಾಗಾಗಿ ಹಳೆಯ ಧ್ವನಿಮುದ್ರಿಕೆಯನ್ನು ವಿವರವಿಲ್ಲದೆ ಮತ್ತೆ ಹೊರತರುವುದು ಅರ್ಧ ಕೆಲಸ. ಉಳಿದರ್ಧವನ್ನು ಈಗಲೇ ಮಾಡದಿದ್ದರೆ ಮುಂದೆ ಮಾಡಲು ಬರುವುದಿಲ್ಲ.

ವಿವರದಿಂದ ಕೇಳ್ಮೆಗೆ ಏನು ಲಾಭ ಎಂಬುದಕ್ಕೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಒಳ್ಳೆಯ ಸಾಕ್ಷಿ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದ ಈ ಆಲ್ಬಂ ಜಾಝ್‌ನ ಅತ್ಯಂತ ಜನಪ್ರಿಯ ಆಲ್ಬಂಗಳಲ್ಲೊಂದು. ಮೊದಲ ದಿನ ಬಳಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದರಿಂದ ಮಾಡಿದ ರೆಕಾರ್ಡನ್ನು ಸರಿಯಾದ ವೇಗದಲ್ಲಿ ಹಾಕಿದರೆ ಮೊದಲ ಬದಿಯ ಮೂರು ಹಾಡುಗಳೂ ಇರಬೇಕಾದ ಶ್ರುತಿಗಿಂತ ಒಂದು ಎಳೆ ಮೇಲೆ ಕೇಳುತ್ತಿದ್ದವು. ಜಗತ್ತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದು ಆ ಏರಿದ ಶ್ರುತಿಯನ್ನೇ. ಎರಡನೇ ಯಂತ್ರದಲ್ಲಿ ತೆಗೆದಿಟ್ಟಿದ್ದ ಸುರಕ್ಷಾ ಪ್ರತಿಯಿಂದ 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನು ಸರಿಪಡಿಸಲಾಯಿತು. ಯಾವ ಹಾಡು ಯಾವ ದಿನ ಯಾವ ಟೇಪಿನಲ್ಲಿ ಕೂತಿದೆ ಎಂದು ಬರೆದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಇನ್ನೊಂದು ಸೂಕ್ಷ್ಮವೂ ಇದೆ. ಆಲ್ಬಂನ ಒಂದು ಹಾಡಿಗೆ ವಿಂಟನ್ ಕೆಲ್ಲಿ, ಉಳಿದವಕ್ಕೆ ಬಿಲ್ ಇವಾನ್ಸ್ ಪಿಯಾನೊ ನುಡಿಸಿದ್ದಾರೆ. ಇದು ಗೊತ್ತಿದ್ದರೆ ಎರಡನೇ ಹಾಡಿನಲ್ಲಿ ಪಿಯಾನೊದ ನಡೆ ಯಾಕೆ ಬದಲಾಯಿತು ಎಂಬುದು ಕಿವಿಗೆ ತಾನಾಗಿ ತಿಳಿಯುತ್ತದೆ.

ಕರ್ನಾಟಕದ ಕಲಾವಿದರಿಗೂ ಈ ಶಿಸ್ತಿನ ಲಾಭ ಸಿಕ್ಕಿದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಜರ್ಮನಿಯಲ್ಲಿ ರೆಕಾರ್ಡ್ ಆಗಿ ಇಸಿಎಂ ಕಂಪನಿಯಿಂದ ಬಂತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟಂ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಎಂದು ಪ್ರತಿಯೊಬ್ಬರ ಹೆಸರೂ ಅದರಲ್ಲಿ ದಾಖಲಾಗಿದೆ. ನಾಲ್ಕು ದಶಕಗಳ ನಂತರವೂ ಯಾವುದೋ ದೇಶದ ಜಾಝ್ ರಸಿಕ ಖಂಜಿರ ನುಡಿಸಿದವರ ಹೆಸರನ್ನು ಹುಡುಕಿ ಹೇಳಬಲ್ಲ. ಅದೇ ಕಾಲದಲ್ಲಿ ಉತ್ತರ ಕರ್ನಾಟಕದ ಮಾರುಕಟ್ಟೆಗೆ ಬಂದ ಭಕ್ತಿಗೀತೆಗಳ ಕ್ಯಾಸೆಟ್‌ಗಳನ್ನು ಇದರ ಪಕ್ಕ ಇಟ್ಟು ನೋಡಿ. ಹೊದಿಕೆಯ ಚೀಟಿಯಲ್ಲಿ ದೇವರ ಚಿತ್ರ, ಗಾಯಕರ ಹೆಸರು, ಎ ಮತ್ತು ಬಿ ಬದಿಯ ಹಾಡುಗಳ ಪಟ್ಟಿ ಇರುತ್ತಿದ್ದವು. ಹಾರ್ಮೋನಿಯಂ, ತಬಲಾದವರ ಹೆಸರು ಇದ್ದರೆ ಅದೃಷ್ಟ. ರೆಕಾರ್ಡ್ ಆದ ದಿನ ಇನ್ನೂ ಅಪರೂಪ. ಅದೇ ಕ್ಯಾಸೆಟ್ ಇಂದು ಮೊಬೈಲ್‌ಗೆ ಏರಿದಾಗ ಆ ಚೀಟಿಯೂ ಕಳಚಿಬಿದ್ದು ಬರೀ ಹಾಡು ಉಳಿಯುತ್ತಿದೆ.

ಅಂಕಿತದ ನಾಡು

ಈ ಕೊರತೆ ರಾಯಚೂರು ಸೀಮೆಯನ್ನು ಬೇರೆಡೆಗಿಂತ ಹೆಚ್ಚು ಕಾಡಬೇಕು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮಸರಕಲ್‌ನಲ್ಲಿ ಹುಟ್ಟಿದ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು ಇಲ್ಲಿಯವರೇ. ಹದಿನೆಂಟನೇ ಶತಮಾನದ ದಾಸ ಸಾಹಿತ್ಯದ ದೊಡ್ಡ ಹರಿವು ಈ ಕೆಲವು ಊರುಗಳ ನಡುವೆಯೇ ಹರಿಯಿತು. ದಾಸ ಸಾಹಿತ್ಯದಲ್ಲಿ ಮೊಸರಕಲ್ಲು ಎಂದು ಕರೆಸಿಕೊಳ್ಳುವ ಮಸರಕಲ್‌ನ ಭಾಗಣ್ಣ ವಿಜಯದಾಸರಿಂದ ‘ಗೋಪಾಲವಿಠಲ’ ಎಂಬ ಅಂಕಿತ ಪಡೆದು ಗೋಪಾಲದಾಸರಾದರು. ಅವರು ತೀರಿಕೊಂಡದ್ದು 1762ರಲ್ಲಿ. ಆಗ ಅಚ್ಚಿನ ಪುಸ್ತಕವಿಲ್ಲ, ಯಂತ್ರವಿಲ್ಲ. ಆದರೂ ಈ ಪದ ಗೋಪಾಲದಾಸರದು ಎಂದು ಇಂದಿನ ಭಜನಾ ಮಂಡಳಿಯವರೂ ಹೇಳುತ್ತಾರೆ, ಯಾಕೆಂದರೆ ಕಡೆಯ ನುಡಿಯಲ್ಲಿ ಅಂಕಿತವಿದೆ. ಹಾಡು ಎಷ್ಟು ಬಾಯಿ ದಾಟಿದರೂ ಕರ್ತೃ ಕಳೆದುಹೋಗದಂತೆ ಕಾದದ್ದು ಆ ಒಂದು ಪದ. ವಚನಕಾರರು ಹನ್ನೆರಡನೇ ಶತಮಾನದಲ್ಲೇ ಈ ದಾರಿ ಹಾಕಿಕೊಟ್ಟಿದ್ದರು. ಯಾರದು ಎಂಬ ಪ್ರಶ್ನೆಗೆ ಕೃತಿಯೊಳಗೇ ಉತ್ತರ ಇಟ್ಟ ಪರಂಪರೆ ಇದು.

ಅಂಕಿತ ಕಾಪಾಡಿದ್ದು ಸಾಹಿತ್ಯವನ್ನು, ಧಾಟಿಯನ್ನಲ್ಲ. ಹಸ್ತಪ್ರತಿಗಳಲ್ಲಿ ಕೆಲವೆಡೆ ರಾಗ, ತಾಳದ ಹೆಸರು ಸಿಗಬಹುದು. ಗೋಪಾಲದಾಸರು ಅದನ್ನು ಹೇಗೆ ಎತ್ತಿಕೊಂಡರು, ಎಲ್ಲಿ ನಿಲ್ಲಿಸಿದರು ಎಂಬುದು ಸಿಗುವುದಿಲ್ಲ. ಅದಕ್ಕೇ ಒಂದೇ ಪದಕ್ಕೆ ಕರ್ನಾಟಕ ಸಂಗೀತದವರದು ಒಂದು ರಾಗ, ಹಿಂದೂಸ್ತಾನಿಯವರದು ಇನ್ನೊಂದು, ಭಜನಾ ಮಂಡಳಿಯದು ಮತ್ತೊಂದು ಮಟ್ಟು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಲ್ಲರಿಗೂ ಗೊತ್ತಿದ್ದರೂ ಭೀಮಸೇನ ಜೋಶಿಯವರು ಹಾಡಿದ ಮೇಲೆ ಅದು ಬೇರೆಯದೇ ಹಾಡಾಗಿ ಮನೆಮನೆ ಸೇರಿತು. ಮಲ್ಲಿಕಾರ್ಜುನ ಮನ್ಸೂರ ಅವರ ವಚನ ಗಾಯನ ಒಂದು ಬಗೆ, ರಾಯಚೂರು ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿ ಅವರದು ಇನ್ನೊಂದು ಬಗೆ. ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿಟ್ಟು ಊರು ಗೌರವ ತೋರಿದೆ. ಅವರ ಗಾಯನಕ್ಕೆ ನಿಜವಾದ ಸ್ಮಾರಕ ಮಾತ್ರ ಧ್ವನಿಮುದ್ರಿಕೆಯೇ. ಈ ಹಾಡಿಕೆಗಳಿಗೆ ಅಂಕಿತ ಹಾಕುವವರು ಯಾರು? ರೆಕಾರ್ಡಿನ ಜೊತೆಗಿರುವ ವಿವರವೇ ಆ ಅಂಕಿತ.

ವಿವರ ಇಲ್ಲದಿದ್ದರೆ ಬಲ್ಲವರೂ ದಾರಿ ತಪ್ಪುತ್ತಾರೆ. ಗಂಗೂಬಾಯಿ ಹಾನಗಲ್ ಅವರ ಆರಂಭದ ಎಚ್‌ಎಂವಿ ರೆಕಾರ್ಡ್‌ಗಳಲ್ಲಿ ಇದ್ದ ಹೆಸರು ಗಾಂಧಾರಿ. ಆಗ ಅವರ ದನಿ ತೆಳು, ಶ್ರುತಿ ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾಗಿ, ಗಂಡುದನಿ ಎನ್ನುವಷ್ಟು ಗಂಭೀರವಾಯಿತು. ವರ್ಷ, ಹೆಸರು ಎರಡೂ ಗೊತ್ತಿಲ್ಲದ ಕೇಳುಗನಿಗೆ ಇವರು ಇಬ್ಬರು ಬೇರೆ ಬೇರೆ ಗಾಯಕಿಯರು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ನಿಷೇಧ ಹಾಕಿ, ಅದನ್ನು ಸಡಿಲಿಸಿದ್ದು 1971ರಲ್ಲಿ. ರೇಡಿಯೊ ಧ್ವನಿಮುದ್ರಣವೊಂದರಲ್ಲಿ ಹಾರ್ಮೋನಿಯಂ ಇದೆಯೋ ಸಾರಂಗಿ ಇದೆಯೋ ಎಂಬುದರಿಂದಲೇ ಅದರ ಕಾಲ ಊಹಿಸಬಹುದು. ಸಾಥಿದಾರರ ವಿವರ ಬರೀ ಮರ್ಯಾದೆಗೆ ಹಾಕುವ ಸಾಲಲ್ಲ, ಚರಿತ್ರೆಯ ಸಾಕ್ಷ್ಯ. ನಮ್ಮ ದೇಶದ ಮೊದಲ ಪೀಳಿಗೆಯ ಕಲಾವಿದರಿಗೆ ಇದರ ಬೆಲೆ ತಿಳಿದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡ್ ಮಾಡಿದ ಗೌಹರ್ ಜಾನ್ ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು, ಜರ್ಮನಿಯಲ್ಲಿ ರೆಕಾರ್ಡ್ ಒತ್ತುವವರಿಗೆ ಲೇಬಲ್ ಮೇಲೆ ಯಾರ ಹೆಸರು ಹಾಕಬೇಕೆಂದು ತಿಳಿಯಲೆಂದು. ಮುಂದೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಅವರ ಹೆಸರು ಇಂದಿಗೂ ಆ ರೆಕಾರ್ಡ್‌ಗಳೊಳಗೆ ಕೇಳುತ್ತದೆ.

ಆಕ್ಷೇಪಗಳಿಗೆ ಉತ್ತರ

ದಾಸರ ಪದ ಇರುವುದು ಭಕ್ತಿಗಾಗಿ, ತಬಲಾ ನುಡಿಸಿದವರು ಯಾರೆಂದು ಕೇಳುವುದು ಅಹಂಕಾರದ ಲೆಕ್ಕ ಎಂಬುದು ಮೊದಲ ಆಕ್ಷೇಪ. ಈ ಮಾತಿನ ಹಿಂದಿನ ವಿನಯ ದೊಡ್ಡದು. ಆದರೆ ಅಂಕಿತವಿಲ್ಲದೆ ಪದ ಮುಗಿಸದ ದಾಸರ ಭಕ್ತಿ ಕಡಿಮೆಯದಾಗಿರಲಿಲ್ಲ. ಅಂಕಿತದಲ್ಲಿ ಇರುವುದು ದೇವರ ಹೆಸರು, ನಿಜ. ಆದರೂ ಪ್ರತಿ ದಾಸರಿಗೂ ಬೇರೆ ಅಂಕಿತ, ಅದೂ ಗುರುಮುಖದಿಂದ ಬರಬೇಕು ಎಂಬ ಕ್ರಮ ಇದ್ದದ್ದು ಗುರುತು ಉಳಿಯಬೇಕು ಎಂದೇ. ಇನ್ನು, ಹೆಸರು ಬಿಟ್ಟುಹೋಗುವಾಗ ಎಲ್ಲರ ಹೆಸರೂ ಸಮವಾಗಿ ಬಿಡುವುದಿಲ್ಲ. ಮುಖ್ಯ ಗಾಯಕರ ಹೆಸರು ಹೇಗೋ ಉಳಿಯುತ್ತದೆ. ಅಳಿಯುವುದು ಹಾರ್ಮೋನಿಯಂ, ತಬಲಾ, ತಾಳದವರದು, ಬಹಳ ಸಲ ಊರೂರು ತಿರುಗಿ ಕಡಿಮೆ ಸಂಭಾವನೆಗೆ ದುಡಿದವರದು. ಇದನ್ನು ವಿನಯ ಎನ್ನಲಾಗದು, ಇದು ಅನ್ಯಾಯ.

ಎರಡನೆಯ ಆಕ್ಷೇಪ ರಸಿಕರದೇ. ಸಂಗೀತ ಎದುರು ಕೂತು ಕೇಳಬೇಕಾದದ್ದು, ರೆಕಾರ್ಡಿಗೆ ಇಷ್ಟು ಬೆಲೆ ಯಾಕೆ ಎನ್ನುತ್ತಾರೆ. ಕಾರ್ತಿಕ ಶುದ್ಧ ದಶಮಿಯಂದು ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆಗೆ ಸೇರಿದವರ ನಡುವೆ ಪದ ಎದ್ದು ನಿಲ್ಲುವ ಬಗೆ ಯಾವ ಯಂತ್ರಕ್ಕೂ ಸಿಕ್ಕದು, ಒಪ್ಪಬೇಕು. ಆದರೆ ಕಛೇರಿ ಮರಳಿ ಬಾರದು ಎಂಬುದೇ ದಾಖಲೆಗೆ ಕಾರಣ. ಜಾಝ್ ದಿಗ್ಗಜರಾದ ಥೆಲೋನಿಯಸ್ ಮಾಂಕ್ ಮತ್ತು ಜಾನ್ ಕೋಲ್ಟ್ರೇನ್ ಜೊತೆಯಾಗಿ ನುಡಿಸಿದ್ದು ಕೆಲವೇ ತಿಂಗಳು. 1957ರ ನವೆಂಬರ್ 29ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಅವರು ನುಡಿಸಿದ್ದನ್ನು ‘ವಾಯ್ಸ್ ಆಫ್ ಅಮೆರಿಕ’ ರೇಡಿಯೊ ರೆಕಾರ್ಡ್ ಮಾಡಿತ್ತು. ಆ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ದಶಕಗಳ ಕಾಲ ಮರೆತು ಕೂತಿತ್ತು. 2005ರಲ್ಲಿ ಆ ಗ್ರಂಥಾಲಯದ ಲ್ಯಾರಿ ಆ್ಯಪಲ್‌ಬಾಮ್ ಅವರ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಮೇಲಿದ್ದ ‘ಟಿ. ಮಾಂಕ್’ ಎಂಬ ಕೈಬರಹ. ಅದೇ ವರ್ಷ ಆಲ್ಬಂ ಬಂದಾಗ ಜಾಝ್ ಚರಿತ್ರೆಗೆ ಒಂದು ಅಧ್ಯಾಯ ಸೇರಿತು. ಯಾರೋ ಒಬ್ಬರು ಅಂದು ಅಷ್ಟು ಬರೆದಿಡದಿದ್ದರೆ ಅದು ಗುರುತಿಲ್ಲದ ಟೇಪಾಗಿಯೇ ಉಳಿಯುತ್ತಿತ್ತೇನೋ. ಧಾರವಾಡದಲ್ಲಿ 1950ರಿಂದ, ಕಲಬುರಗಿಯಲ್ಲಿ 1966ರಿಂದ ಆಕಾಶವಾಣಿ ಕೇಂದ್ರಗಳಿವೆ, ರಾಯಚೂರಿನಲ್ಲೂ ಒಂದಿದೆ. ಈ ಸೀಮೆಯ ಸಂಗೀತದ ಧ್ವನಿ ಎಲ್ಲಿ ಹುಡುಕಬೇಕೆಂದರೆ ಮೊದಲು ಅಲ್ಲಿಯೇ.

ಎಲ್ಲವೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಮರುಬಿಡುಗಡೆಯ ಖರ್ಚು ಯಾಕೆ ಎಂಬುದು ಮೂರನೆಯ ಮಾತು. ಸಿಗುವುದೇನೋ ಹೌದು. ಆದರೆ ಪಹಣಿ ಇಲ್ಲದ ಹೊಲದಂತೆ ಅದು ಯಾರದು, ಎಲ್ಲಿಯದು ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ತಪ್ಪು ಹೆಸರಿನಡಿ ಏರಿಸಿದ್ದನ್ನು ಹತ್ತು ಮಂದಿ ನಕಲು ಮಾಡಿದರೆ ತಪ್ಪೇ ದಾಖಲೆಯಾಗುತ್ತದೆ. ಕಾನೂನಿನ ತೊಡಕೂ ಎಲ್ಲದಕ್ಕೂ ಅಡ್ಡಿಯಲ್ಲ. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ರಾಗ ಸಂಯೋಜಕರ ಹಕ್ಕನ್ನು ಬೇರೆಯಾಗಿ ನೋಡಬೇಕಾದರೂ 78 ಆರ್‌ಪಿಎಂ ಕಾಲದ ತಟ್ಟೆಗಳ ವಿಷಯದಲ್ಲಿ ಕೆಲಸ ಹಗುರ. ಇಂಥದ್ದು ಸಾಧ್ಯವೆಂಬುದಕ್ಕೆ ಮಾದರಿಗಳೂ ಇವೆ. ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಭಾರತದ ಆರಂಭಿಕ ಗ್ರಾಮಫೋನ್ ರೆಕಾರ್ಡ್‌ಗಳ ಪಟ್ಟಿಯನ್ನು ವರ್ಷಗಟ್ಟಲೆ ದುಡಿದು ಪ್ರಕಟಿಸಿದರು. ಮುಂಬೈನಲ್ಲಿ ರೆಕಾರ್ಡ್ ಸಂಗ್ರಾಹಕರ ಸಂಘವೇ ಇದೆ. ಇತಿಹಾಸಕಾರ ವಿಕ್ರಮ್ ಸಂಪತ್ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರ ಕೇಳ್ಮೆಗೆ ತೆರೆದಿಟ್ಟರು.

ರಾಯಚೂರು ಸೀಮೆಗೆ ಇದಕ್ಕಾಗಿ ದೊಡ್ಡ ಕಟ್ಟಡ ಬೇಡ. ಹಳೆಯ ತಟ್ಟೆ ಸಿಕ್ಕರೆ ಲೇಬಲ್‌ನ ಎರಡೂ ಬದಿಯ ಫೋಟೊ ತೆಗೆಯಲಿ, ಲೇಬಲ್ ಪಕ್ಕದ ನುಣುಪು ಅಂಚಿನಲ್ಲಿ ಕೆತ್ತಿರುವ ಸಂಖ್ಯೆಯನ್ನೂ ಬರೆದುಕೊಳ್ಳಲಿ. ಕಂಪನಿಯ ಕಡತದಲ್ಲಿ ಆ ರೆಕಾರ್ಡನ್ನು ಗುರುತಿಸುವುದು ಆ ಸಂಖ್ಯೆಯೇ. ಕ್ಯಾಸೆಟ್ ಆದರೆ ಚೀಟಿಯನ್ನು ಬಿಸಾಡದಿರಲಿ. ಪದ, ಅಂಕಿತ, ರಾಗ, ತಾಳ, ಹಾಡಿದವರು, ಹಾರ್ಮೋನಿಯಂ, ತಬಲಾ, ಊರು, ದಿನ, ರೆಕಾರ್ಡ್ ಮಾಡಿದವರು, ಇಷ್ಟು ಒಂದು ಪುಟದ ಕೆಲಸ. ಆರಾಧನೆ, ಸಂಗೀತೋತ್ಸವಗಳ ಸಂಘಟಕರು ಆಹ್ವಾನ ಪತ್ರಿಕೆಯನ್ನೂ ಅಂದಿನ ರೆಕಾರ್ಡಿಂಗನ್ನೂ ಒಟ್ಟಿಗೆ ಇಡಲಿ. ಮೊಹರಂನ ರಿವಾಯತ್ ಪದಗಳಿಗೂ ತತ್ವಪದಗಳಿಗೂ ಇದೇ ಕ್ರಮ ಬರಲಿ, ಯಾಕೆಂದರೆ ಅವುಗಳನ್ನು ಹಾಡುವ ಹಿರಿಯರ ಹಾಡಿಕೆ ಎಷ್ಟೋ ಕಡೆ ರೆಕಾರ್ಡೇ ಆಗಿಲ್ಲ. ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಈ ಪುಟಗಳನ್ನು ಒಂದೆಡೆ ಸೇರಿಸಿ ಮರುಬಿಡುಗಡೆಯ ಜೊತೆ ಅಚ್ಚು ಹಾಕಲಿ. ಹಣ ಇದ್ದರೆ ಹಳೆಯ ಟೇಪನ್ನು ನಾಳೆಯೂ ಶುದ್ಧಗೊಳಿಸಬಹುದು, ಹೊಸ ಯಂತ್ರವೂ ಬಂದೀತು. ಆದರೆ ಅಂದು ಪಕ್ಕದಲ್ಲಿ ಕೂತು ನುಡಿಸಿದವರ ಹೆಸರು ಹೇಳಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವುದೇ ಇಂದಿನ ತುರ್ತು, ಶುದ್ಧಗೊಳಿಸುವ ಕೆಲಸ ಆಮೇಲೂ ಆದೀತು.